ಹಾಡಿದವರ ಹೆಸರು ಎಲ್ಲಿದೆ? ನಮ್ಮೂರಿಗೆ ಬಂದ ಧ್ವನಿ ದಾಖಲೆ ಸೇವೆಯ ಬಗ್ಗೆ

ಕಾಸರಗೋಡು ಜಿಲ್ಲೆಯ ಪೆರ್ಲ ಪೇಟೆಯಿಂದ ಒಳದಾರಿಯಲ್ಲಿ ಸಿಗುವ ನಮ್ಮ ಊರಿಗೆ ಎರಡು ಮಳೆಗಾಲಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಮಾನವಿಕ ವಿಭಾಗದ ತಂಡ ಬಂದಿತು. ಹಿರಿಯರ ಹಾಡು, ಕತೆ, ನೆನಪುಗಳನ್ನು ಮನೆಗೇ ಬಂದು ಧ್ವನಿಮುದ್ರಿಸಿಕೊಳ್ಳುವುದು, ಅದನ್ನು ಬರಹಕ್ಕೆ ಇಳಿಸುವುದು, ಅನುವಾದ ಸಹಿತ ಜಾಲತಾಣದಲ್ಲಿ ಕಾಪಿಡುವುದು, ಮನೆಯವರಿಗೊಂದು ಪ್ರತಿ ಕೊಡುವುದು, ಇವಿಷ್ಟು ಅವರು ಒದಗಿಸುವ ಸೇವೆ. ಶುಲ್ಕವಿಲ್ಲ. ಊರವರ ಬಗ್ಗೆ ಅಲ್ಲ, ಊರವರ ಜೊತೆಗೂಡಿ ಮಾಡುವ ಸಂಶೋಧನೆ ಇದು ಎಂದು ಮೊದಲ ದಿನವೇ ಹೇಳಿದ್ದರು. ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದವನು. ಮನೆಮಾತು ತುಳು, ಕಚೇರಿಯ ವ್ಯವಹಾರಕ್ಕೆ ಮಲಯಾಳ. ಮೂರೂ ಬರುತ್ತದೆಂಬ ಕಾರಣಕ್ಕೆ ನನ್ನನ್ನು ಊರಿನ ಸಂಪರ್ಕಕ್ಕೆ ಇಟ್ಟುಕೊಂಡರು, ಹನ್ನೊಂದು ಮನೆಗಳಿಗೆ ನಾನೇ ಕರೆದುಕೊಂಡು ಹೋದೆ. ಆದ್ದರಿಂದ ಇಲ್ಲಿ ಬರೆಯುವ ಮೆಚ್ಚುಗೆಯಾಗಲಿ ಆಕ್ಷೇಪವಾಗಲಿ ಹೊರಗೆ ನಿಂತು ನೋಡಿದವನದಲ್ಲ. ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ತಪ್ಪುಗಳಲ್ಲಿ ಕೆಲವನ್ನು ಅವರು ತಿದ್ದಿಕೊಂಡಿದ್ದಾರೆ, ಮೇಲಾಗಿ ಮಂಜೇಶ್ವರದಿಂದ ಬದಿಯಡ್ಕದ ವರೆಗೆ ಇಂಥದೇ ಕೆಲಸಕ್ಕೆ ಬರುವ ತಂಡಗಳು ಬೇರೆಯೂ ಇವೆ. ಮನೆಗೆ ಇಂಥ ತಂಡವನ್ನು ಕರೆಸಬೇಕೇ ಬೇಡವೇ ಎಂದು ಯೋಚಿಸುತ್ತಿರುವವರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಸಂಶೋಧಕರು ಎಂಬ ಮಾತು ಕೇಳಿದರೆ ನಮ್ಮ ಭಾಗದ ಜನ ಒಮ್ಮೆ ತಡೆದು ನೋಡುತ್ತಾರೆ. ಇದಕ್ಕೆ ಕಾರಣವಿದೆ. 1970ರ ದಶಕದ ಕೊನೆಯಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳ ಹೆಸರು ಅದರಿಂದಾಗಿ ದೇಶಕ್ಕೆಲ್ಲ ಗೊತ್ತಾಯಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಶಾಲಾ ಮಕ್ಕಳನ್ನೂ ಹೋಲಿಕೆಗಾಗಿ ಮೀಂಜ ಪಂಚಾಯತಿನ ಮಕ್ಕಳನ್ನೂ ಪರೀಕ್ಷಿಸಿ 2002ರಲ್ಲಿ ವರದಿ ಕೊಟ್ಟರು. ಅಂಥ ಅಧ್ಯಯನಗಳಿಂದ ಪ್ರಯೋಜನವಾಗಿಲ್ಲ ಎಂದು ಯಾರೂ ಹೇಳಲಾರರು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿದ್ದರ ಹಿಂದೆಯೂ, 2017ರಲ್ಲಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದರ ಹಿಂದೆಯೂ ಊರವರ ಸಾಕ್ಷ್ಯವಿತ್ತು. ಆದರೆ ವೈದ್ಯರು, ಪತ್ರಕರ್ತರು, ಪ್ರಬಂಧ ಬರೆಯುವ ವಿದ್ಯಾರ್ಥಿಗಳು, ಚಿತ್ರ ತೆಗೆಯುವವರು ಒಬ್ಬರ ಹಿಂದೊಬ್ಬರು ಅದೇ ಮನೆಗಳಿಗೆ ಬಂದು, ಅದೇ ತಾಯಂದಿರ ಬಾಯಿಂದ ಅದೇ ಕತೆಯನ್ನು ಮತ್ತೆ ಮತ್ತೆ ಹೇಳಿಸಿದರು. ಹೋದವರಲ್ಲಿ ಹಿಂತಿರುಗಿ ಬಂದವರು ಕಡಿಮೆ. ಮಕ್ಕಳ ಫೋಟೋಗಳು ಎಲ್ಲೆಲ್ಲೋ ಅಚ್ಚಾದವು. ಊರಿನ ಹೆಸರು ಹೇಳಿದರೆ ಸಂಬಂಧ ಕೂಡಿಬರುವುದಿಲ್ಲ ಎಂದು ಹೆಣ್ಣುಮಕ್ಕಳ ಮನೆಯವರು ನನ್ನೆದುರೇ ಸಂಕಟಪಟ್ಟದ್ದುಂಟು. ಈ ತಂಡ ಕಾಲಿಟ್ಟದ್ದು ಅಂಥ ಅಂಗಳಕ್ಕೆ.

ಮೊದಲು ಹೋದದ್ದು ಗದ್ದೆಯ ಕೆಲಸದಲ್ಲೇ ಆಯುಷ್ಯ ಕಳೆದ ಒಬ್ಬ ಅಜ್ಜಿಯ ಮನೆಗೆ. ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ಹಾಡುಗಳೂ ಸಂಧಿ ಎಂಬ ಉದ್ದುದ್ದದ ಕತೆಹಾಡುಗಳೂ ಅವರಷ್ಟು ಬಲ್ಲವರು ನಮ್ಮ ಕಡೆ ಈಗ ಉಳಿದಿಲ್ಲ. ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ, ನೀರು ತಂದಿಟ್ಟು, ಬಂದವರ ಮುಖ ನೋಡುತ್ತ ಕುಳಿತಿದ್ದ ಅವರ ಮುಂದೆ ತಂಡದವರು ನಾಲ್ಕು ಪುಟದ ಒಪ್ಪಿಗೆ ಪತ್ರವನ್ನು ಇಟ್ಟರು. ಮೂರು ಪುಟ ಇಂಗ್ಲಿಷ್, ಒಂದು ಪುಟ ಮಲಯಾಳ. ಕನ್ನಡದಲ್ಲಿ ಒಂದಕ್ಷರವೂ ಇರಲಿಲ್ಲ. "ಉಂದು ದಾಯೆಗ್ ಮಾಸ್ಟ್ರೆ?" ಎಂದು ಅಜ್ಜಿ ನನ್ನನ್ನು ಕೇಳಿದರು, ಇದು ಯಾತಕ್ಕೆ ಎಂದು. ನಾನು ಆ ಪುಟಗಳ ಮೇಲೆ ಕಣ್ಣಾಡಿಸಿ, ನೀವು ಹಾಡಿದ್ದನ್ನು ತೆಗೆದಿಡಲು ಒಪ್ಪಿಗೆ ಬೇಕಂತೆ ಎಂದಷ್ಟೇ ಹೇಳಿದೆ. ಅವರು ಎಡಗೈಯ ಹೆಬ್ಬೆರಳನ್ನು ಶಾಯಿಯ ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಒತ್ತಿ, ಉಳಿದ ಶಾಯಿಯನ್ನು ಸೀರೆಯ ಸೆರಗಿಗೆ ಒರಸಬಾರದೆಂದು ಕಂಬಕ್ಕೆ ಒರಸಿದರು. ಆ ನೀಲಿ ಗುರುತು ಈಗಲೂ ಕಂಬದ ಮೇಲಿದೆ. ನಾಲ್ಕು ಪುಟವನ್ನು ಒಂದು ವಾಕ್ಯ ಮಾಡಿ ಹೇಳಿದ್ದು ನನ್ನ ತಪ್ಪು. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ಮುಂದಿನದನ್ನು ಬರೆಯುವ ಹಕ್ಕು ನನಗಿಲ್ಲ. ಜಾಲತಾಣದಲ್ಲಿ ಯಾರು ಬೇಕಾದರೂ ಕೇಳಬಹುದು, ಇಳಿಸಿಕೊಳ್ಳಬಹುದು, ಸಂಸ್ಥೆ ಅದನ್ನು ಬೇರೆ ಸಂಸ್ಥೆಗಳಿಗೂ ಕೊಡಬಹುದು ಎಂಬ ಮಾತುಗಳು ಎರಡನೆಯ ಪುಟದಲ್ಲಿ ಇದ್ದವು.

ಭಾಷೆಯ ವಿಷಯ ಕೇವಲ ಅಭಿಮಾನದ ಪ್ರಶ್ನೆಯಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಾಗಲಿ ಪಡೆಯುವ ಆಯ್ಕೆ ಜನರಿಗಿರಬೇಕು ಎನ್ನುತ್ತದೆ. ಸಂಶೋಧನೆಗೂ ದಾಖಲೆ ಕಾಪಿಡುವುದಕ್ಕೂ ಆ ಕಾಯ್ದೆಯಲ್ಲಿ ವಿನಾಯಿತಿಗಳಿವೆ, ಇರಲಿ. ಅದರ ಆಶಯವಾದರೂ ಸಂಶೋಧಕರಿಗೆ ದಾರಿ ತೋರಿಸಬೇಕಲ್ಲವೇ? ಕನ್ನಡ ಆ ಪರಿಚ್ಛೇದದಲ್ಲಿದೆ. ತುಳು ಇಲ್ಲ. ಸಪ್ತಭಾಷಾ ಸಂಗಮ ಭೂಮಿ ಎಂದು ಭಾಷಣಗಳಲ್ಲಿ ಹೇಳಿಸಿಕೊಳ್ಳುವ ಕಾಸರಗೋಡಿನಲ್ಲಿ, 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ದಿನದಿಂದಲೂ ತಮ್ಮದಲ್ಲದ ಭಾಷೆಯ ಕಾಗದಕ್ಕೆ ಸಹಿ ಹಾಕುವುದು ನಮ್ಮ ಹಿರಿಯರಿಗೆ ಅಭ್ಯಾಸವಾಗಿಬಿಟ್ಟಿದೆ. ಅಭ್ಯಾಸದಿಂದ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎಂದು ಎಣಿಸುವುದು ಸುಲಭ, ಸರಿಯಲ್ಲ.

ನಮ್ಮಲ್ಲಿ ಒಪ್ಪಿಗೆ ಕೇಳುವ ಕ್ರಮವೊಂದು ಮೊದಲಿನಿಂದಲೂ ಇದೆ. ದೈವಾರಾಧನೆಯ ನೇಮಕ್ಕೆ ಕಲಾವಿದರನ್ನು ಕರೆಯಬೇಕಾದರೆ ವೀಳ್ಯ ಕೊಟ್ಟು ಕರೆಯುತ್ತಾರೆ. ಯಾವ ಮನೆ, ಯಾವ ದೈವ, ಯಾವ ದಿನ, ಯಾರು ಯಾರು ಇರುತ್ತಾರೆ, ಏನು ಕೊಡುತ್ತಾರೆ ಎಂಬುದೆಲ್ಲ ಮಾತಾದ ಮೇಲೆ ಎಲೆ ಅಡಿಕೆ ಕೈ ಬದಲಾಗುತ್ತದೆ. ಒಂದು ನೇಮಕ್ಕೆ ತೆಗೆದುಕೊಂಡ ವೀಳ್ಯ ಮುಂದಿನ ವರ್ಷದ ನೇಮಕ್ಕೆ ಆಗುವುದಿಲ್ಲ, ಪಕ್ಕದ ಊರಿನ ನೇಮಕ್ಕೂ ಆಗುವುದಿಲ್ಲ. ಸಂಶೋಧನಾ ನೀತಿಯ ಬಗ್ಗೆ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಈಗ ನಡೆಯುತ್ತಿರುವ ಚರ್ಚೆಯ ತಿರುಳು, ನಾನು ಓದಿ ತಿಳಿದ ಮಟ್ಟಿಗೆ, ಇದೇ ಆಗಿದೆ: ಒಪ್ಪಿಗೆ ಒಂದು ಸಲದ ಸಹಿಯಲ್ಲ, ಪ್ರತಿ ಹೊಸ ಬಳಕೆಗೂ ಮತ್ತೆ ಕೇಳಬೇಕಾದದ್ದು. ದಕ್ಷಿಣ ಆಫ್ರಿಕಾದ ಮೂಲನಿವಾಸಿಗಳಾದ ಸಾನ್ ಜನರು 2017ರಲ್ಲಿ ತಮ್ಮ ನೆಲಕ್ಕೆ ಬರುವ ಸಂಶೋಧಕರಿಗಾಗಿ ತಾವೇ ನೀತಿ ಸಂಹಿತೆಯೊಂದನ್ನು ರಚಿಸಿ ಪ್ರಕಟಿಸಿದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಎಂಬ ಮೌಲ್ಯಗಳ ಜೊತೆಗೆ ಸರಿಯಾದ ಕ್ರಮದಲ್ಲಿ ಬರಬೇಕು ಎಂಬುದನ್ನೂ ಅದರಲ್ಲಿ ಸೇರಿಸಿದರು. ವೀಳ್ಯದ ಮರ್ಯಾದೆಯನ್ನು ಬಲ್ಲವರಿಗೆ ಆ ಕೊನೆಯ ಮಾತು ಹೊಸದೆನಿಸುವುದಿಲ್ಲ.

ಇನ್ನು ಧ್ವನಿಮುದ್ರಣದ ಕೆಲಸ. ಇದರಲ್ಲಿ ತಂಡಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಬಂದವರಲ್ಲಿ ಒಬ್ಬ ವಿದ್ಯಾರ್ಥಿನಿ ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತು, ಅಜ್ಜಿಯ ಜೊತೆ ಅಡಿಕೆ ಹೆಕ್ಕುತ್ತ ಒಂದು ಇಡೀ ಮಧ್ಯಾಹ್ನ ಯಂತ್ರವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಎರಡನೆಯ ದಿನ ಹಾಡಲು ಕುಳಿತರೆ ಅಜ್ಜಿಗೆ ಸ್ವರ ಬರಲಿಲ್ಲ. ಕೂತರೆ ಬರುವುದಿಲ್ಲ ಮಗಾ, ಬಗ್ಗಬೇಕು ಎಂದರು. ಗದ್ದೆಯಿದ್ದ ಜಾಗದಲ್ಲಿ ಈಗ ಅಡಿಕೆ ತೋಟವಿದೆ. ಅಂಗಳಕ್ಕೆ ಇಳಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ನೇಜಿಯ ಸೂಡಿ ಇರುವ ಹಾಗೆ ಎಡಗೈ ಮಡಚಿ, ಬಲಗೈಯ ಬೆರಳುಗಳಿಂದ ಒಣ ನೆಲವನ್ನು ಕುಕ್ಕುತ್ತ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ ಇಡತೊಡಗಿದಾಗ ಓಬೇಲೆ ಎಂಬ ನಾಟಿ ಹಾಡಿನ ಮೊದಲ ಸಾಲು ಹೊರಟಿತು. ವಿದ್ಯಾರ್ಥಿನಿ ಮೈಕನ್ನು ಕೋಲಿಗೆ ಕಟ್ಟಿ ಅವರ ಜೊತೆ ತಾನೂ ಹಿಂದಕ್ಕೆ ಹೆಜ್ಜೆ ಇಡುತ್ತ ಹೋದಳು. ಆ ಧ್ವನಿಮುದ್ರಣವನ್ನು ಕೇಳಿದರೆ ಉಸಿರು ಏರಿಳಿಯುವುದೂ, ಸಾಲಿನ ಕೊನೆಗೆ ಬೆರಳು ನೆಲಕ್ಕೆ ತಾಗುವ ಸದ್ದೂ ಕೇಳಿಸುತ್ತದೆ. ಹಾಡು ಕೆಲಸದ ಅಳತೆಗೆ ಹುಟ್ಟಿದ್ದು ಎಂಬುದನ್ನು ನಾನು ಮೂವತ್ತು ವರ್ಷ ಪಾಠ ಹೇಳಿದವನು ಅವತ್ತು ಕಿವಿಯಾರೆ ತಿಳಿದುಕೊಂಡೆ.

ಇನ್ನೊಂದು ಸಂಗತಿಯನ್ನೂ ಅವರ ಪರವಾಗಿ ದಾಖಲಿಸಬೇಕು. ಒಂದು ದೈವದ ಸಂಧಿಯನ್ನು ಹೇಳುತ್ತ ಹೋದ ಅಜ್ಜಿ ನಡುವೆ ತಟ್ಟನೆ ನಿಲ್ಲಿಸಿ, ಪತ್ತನಾಜೆ ಕಳೆದಿದೆ, ದೀಪ ಇಟ್ಟಿಲ್ಲ, ಮುಂದಿನದು ಈಗ ಹೇಳುವಂಥದ್ದಲ್ಲ ಎಂದರು. ತುಳುವರ ಬೇಶ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯ ನಂತರ ನೇಮ, ಕೋಲ, ಯಕ್ಷಗಾನದ ಆಟಗಳಿಗೆಲ್ಲ ವಿರಾಮ ಎಂಬುದು ತುಳುನಾಡಿನ ಯಾರಿಗೂ ಗೊತ್ತಿರುವ ಕಟ್ಟಳೆ. ತಂಡದ ಮುಖ್ಯಸ್ಥರು ಒಂದು ಮಾತನ್ನೂ ಆಡದೆ ಯಂತ್ರ ನಿಲ್ಲಿಸಿದರು. ಅರ್ಧಕ್ಕೆ ನಿಂತ ಆ ಸಂಧಿ ಅರ್ಧವಾಗಿಯೇ ದಾಖಲೆಯಲ್ಲಿದೆ. ಪೂರ್ತಿ ಸಿಗಬೇಕೆಂಬ ಹಟಕ್ಕೆ ಬಿದ್ದು ಬೇರೆಯವರ ಬಾಯಿಂದ ಮಿಕ್ಕದ್ದನ್ನು ಹೇಳಿಸಲಿಲ್ಲ. ಕೊರಗ ಸಮುದಾಯದವರ ವಸತಿಗೆ ಹೋದಾಗಲೂ ಇದೇ ವಿವೇಕವನ್ನು ಕಂಡೆ. ಡೋಲು ಮತ್ತು ಕೊಳಲಿನ ನುಡಿತಗಳನ್ನು ದಾಖಲಿಸಲು ಅಲ್ಲಿನ ಯುವಕರು ಮುಂದಾಗಿಯೇ ಬಂದರು. ಆದರೆ ತಮ್ಮವರನ್ನು ಕೀಳಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯ ಹೆಸರಿನಲ್ಲಿ ತಮ್ಮ ಹಿರಿಯರಿಂದ ಮಾಡಿಸುತ್ತಿದ್ದ ಯಾವುದನ್ನೂ ಮತ್ತೆ ಆಡಿ ತೋರಿಸುವುದಿಲ್ಲ ಎಂದು ಖಂಡಿತವಾಗಿ ಹೇಳಿದರು. ಕರ್ನಾಟಕವು ಅಜಲು ಪದ್ಧತಿಯನ್ನು 2000ದ ಕಾಯ್ದೆಯಿಂದ ನಿಷೇಧಿಸಿದೆ. ಗಡಿಯ ಈಚೆಗೂ ಅದರ ನೋವು ಅದೇ. ಮರೆಯಾಗುತ್ತಿರುವುದನ್ನೆಲ್ಲ ಉಳಿಸಬೇಕು ಎಂದು ಹೊರಡುವ ವಿದ್ವಾಂಸರಿಗೆ, ಜನ ಬೇಕೆಂದೇ ಬಿಟ್ಟುಬಿಟ್ಟ ವಸ್ತುವೂ ಇರುತ್ತದೆ ಎಂಬ ತಿಳಿವಳಿಕೆ ಬೇಕು. ಈ ತಂಡಕ್ಕೆ ಅದು ಇತ್ತು.

ತೊಂದರೆ ಶುರುವಾದದ್ದು ತಂಡ ಹಿಂತಿರುಗಿದ ಮೇಲೆ. ಎಂಟು ತಿಂಗಳು ಸುದ್ದಿಯಿರಲಿಲ್ಲ. ನಂತರ ಒಂದು ದಿನ ನನ್ನ ಮೊಬೈಲಿಗೆ ಜಾಲತಾಣದ ಕೊಂಡಿ ಬಂತು. ಅಜ್ಜಿಯ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ತೆರೆದೆ. ಅವರ ಮೊಮ್ಮಗಳೂ ಪಕ್ಕದ ಮನೆಯವರೂ ಸೇರಿದರು. ಹಾಡು ಕೇಳಿ ಅಜ್ಜಿಯ ಮುಖ ಅರಳಿತು. ಆಮೇಲೆ ಪುಟದ ಮೇಲಿನ ಅಕ್ಷರಗಳನ್ನು ತೋರಿಸಿ, "ಎನ್ನ ಪುದರ್ ಓಲುಂಡು ಮಾಸ್ಟ್ರೆ?" ಎಂದು ಕೇಳಿದರು. ನನ್ನ ಹೆಸರು ಎಲ್ಲಿದೆ ಎಂದು. ಇರಲಿಲ್ಲ. ಒಂದು ಸಂಕೇತ ಸಂಖ್ಯೆ, ಮಹಿಳೆ, ವಯಸ್ಸು 70ಕ್ಕಿಂತ ಮೇಲೆ, ಉತ್ತರ ಕಾಸರಗೋಡು ಎಂದಿಷ್ಟೇ ಇತ್ತು. ಸಂಗ್ರಹಿಸಿದವರ ಹೆಸರು, ಮಾರ್ಗದರ್ಶಕರ ಹೆಸರು, ವಿಭಾಗದ ಹೆಸರು ಮಾತ್ರ ಪೂರ್ತಿಯಾಗಿ ಇದ್ದವು. ಏನೆಂದು ಉತ್ತರಿಸಲಿ? ಮೊಮ್ಮಗಳು ಫೋನು ತೆಗೆದುಕೊಂಡು ಪುಟವನ್ನು ಕೆಳತನಕ ಜಾರಿಸಿ ನೋಡಿ, ಇಲ್ಲ ಅಜ್ಜಿ, ಹಾಕಲಿಲ್ಲ ಎಂದಳು.

ತಂಡದವರು ಕೊಟ್ಟ ಕಾರಣದಲ್ಲಿ ಕೆಟ್ಟ ಉದ್ದೇಶವಿರಲಿಲ್ಲ. ಮಾಹಿತಿ ಕೊಟ್ಟವರ ಗುರುತು ಮರೆಮಾಡುವುದು ಸಂಶೋಧನಾ ನೀತಿಯ ನಿಯಮ, ತಮ್ಮ ನೀತಿ ಸಮಿತಿ ಅದಕ್ಕೆ ಒಪ್ಪಿಗೆ ಕೊಟ್ಟಿದೆ ಎಂದರು. ಈ ನಿಯಮ ಎಷ್ಟು ಅಗತ್ಯ ಎಂಬುದು ಎಣ್ಮಕಜೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರೋಗದ, ನೋವಿನ, ಬಡತನದ ಕತೆ ಹೇಳಿದವರ ಹೆಸರನ್ನೂ ಮಕ್ಕಳ ಮುಖವನ್ನೂ ಮರೆಮಾಡಿದ್ದರೆ ನಮ್ಮ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತಿತ್ತು. ಆದರೆ ಅದೇ ನಿಯಮವನ್ನು ಹಾಡುಗಾರ್ತಿಗೆ ಹಾಕಿದರೆ ಅದು ರಕ್ಷಣೆಯಾಗುವುದಿಲ್ಲ, ಕಸಿದುಕೊಂಡಂತಾಗುತ್ತದೆ. ಒಬ್ಬರು ಮಾಹಿತಿ ಕೊಟ್ಟವರು, ಇನ್ನೊಬ್ಬರು ಕಲಾವಿದರು. ನೂರಾರು ಸಾಲುಗಳನ್ನು ನೆನಪಿನಲ್ಲಿ ಹಿಡಿದು, ಸಂದರ್ಭಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಿ ಹಾಡುವವರನ್ನು ವಯಸ್ಸು ಮತ್ತು ಲಿಂಗಕ್ಕೆ ಇಳಿಸಿಬಿಟ್ಟರೆ, ಅವರಿಂದ ಹಾಡು ಸುಮ್ಮನೆ ತಾನಾಗಿ ಉದುರಿತು ಎಂದು ಹೇಳಿದಂತಾಗುತ್ತದೆ.

ಇದಕ್ಕೆ ನಮ್ಮ ತುಳುನಾಡಿನಲ್ಲೇ ಒಳ್ಳೆಯ ಮೇಲ್ಪಂಕ್ತಿ ಇದೆ. ಫಿನ್‌ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆಗೂಡಿ 1990ರಲ್ಲಿ ದಾಖಲಿಸಿದ 15,683 ಸಾಲುಗಳ ಸಿರಿ ಕಾವ್ಯವು 1998ರಲ್ಲಿ ಅಚ್ಚಾದಾಗ, ಅದನ್ನು ಹಾಡಿದ ಗೋಪಾಲ ನಾಯ್ಕರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಸೇರಿತು. ಬೆಳ್ತಂಗಡಿ ಕಡೆಯ ಒಬ್ಬ ಕೃಷಿಕ ಗಾಯಕರ ಹೆಸರನ್ನು ಹೇಳದೆ ಆ ಪುಸ್ತಕದ ಹೆಸರನ್ನು ಯಾರೂ ಪೂರ್ತಿಯಾಗಿ ಹೇಳುವಂತಿಲ್ಲ. ಕಾನೂನೂ ಈ ಕಡೆಗೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 38ನೆಯ ಕಲಮು ಪ್ರದರ್ಶನ ಕಲಾವಿದರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕನ್ನು ಕೊಡುತ್ತದೆ. 2012ರ ತಿದ್ದುಪಡಿಯಲ್ಲಿ ಸೇರಿದ 38ಬಿ ಕಲಮು, ಹಾಡಿದವರು ತಾವೇ ಎಂದು ಗುರುತಿಸಿಕೊಳ್ಳುವ ಹಕ್ಕನ್ನೂ ತಮ್ಮ ಪ್ರದರ್ಶನವನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಕೊಡುತ್ತದೆ. ಅಂಗಳದಲ್ಲಿ ಬಗ್ಗಿ ಹಾಡಿದ ಅಜ್ಜಿಯೂ ಪ್ರದರ್ಶನ ಕಲಾವಿದೆಯೇ. ಹೆಸರು ಹಾಕಬೇಕೇ ಬಿಡಬೇಕೇ ಎಂಬುದನ್ನು ಸಮಿತಿಯಾಗಲಿ ನಾನಾಗಲಿ ತೀರ್ಮಾನಿಸುವಂತಿಲ್ಲ. ಒಬ್ಬೊಬ್ಬರನ್ನೂ, ಒಂದೊಂದು ಧ್ವನಿಮುದ್ರಣಕ್ಕೂ ಬೇರೆ ಬೇರೆಯಾಗಿ ಕೇಳಬೇಕು. ಈ ಇಡೀ ಸೇವೆಯಲ್ಲಿ ನನಗೆ ಅತ್ಯಂತ ಕೊರತೆ ಎನಿಸಿದ್ದು ಈ ಒಂದು ಪ್ರಶ್ನೆಯೇ.

ಬರಹ ಮತ್ತು ಅನುವಾದದ ಗುಣಮಟ್ಟ ಬಹಳ ಕೆಳಗಿತ್ತು. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದವರು ತುಳು ಬಲ್ಲವರಲ್ಲ ಎಂಬುದು ಎರಡನೆಯ ಸಾಲಿಗೇ ತಿಳಿಯಿತು. ತುಳುವಿನಲ್ಲಿ ಅಪ್ಪೆ ಎಂದರೆ ತಾಯಿ, ಅಮ್ಮೆ ಎಂದರೆ ತಂದೆ. ಕನ್ನಡದ ಕಿವಿಯಿಂದ ಕೇಳಿದವರು ಅಪ್ಪೆಯನ್ನು ತಂದೆ ಮಾಡಿ, ಅಮ್ಮೆಯನ್ನು ತಾಯಿ ಮಾಡಿದ್ದರು. ತಪ್ಪು ಸಣ್ಣದೆಂದು ತೋರಬಹುದು. ಆದರೆ ಆ ಸಂಧಿಯ ಕತೆ ನಡೆಯುವುದೇ ಅಳಿಯಸಂತಾನದ ಮನೆಯೊಂದರ ಆಸ್ತಿಯ ಜಗಳದ ಸುತ್ತ. ತಾಯಿಯ ಕಡೆಯಿಂದ ಬರುವ ಬೀಡು ಅನುವಾದದಲ್ಲಿ ತಂದೆಯ ಕಡೆಯಿಂದ ಬಂದು, ಹೆಣ್ಣುಮಗಳು ತನ್ನ ಹಕ್ಕಿಗಾಗಿ ಆಡುವ ಮಾತುಗಳೆಲ್ಲ ಅರ್ಥವಿಲ್ಲದ ಹಟದಂತೆ ಕಾಣುತ್ತಿದ್ದವು. ಗದ್ದೆ ಎಂಬ ಅರ್ಥದ ಕಂಡ ಎಂಬ ಮಾತನ್ನು ನೋಡಿದನು ಎಂದು ಮಾಡಿದ್ದು ಮೂರು ಕಡೆ ಸಿಕ್ಕಿತು. ಇಂಗ್ಲಿಷ್ ಅನುವಾದ ಈ ಕನ್ನಡವನ್ನು ನಂಬಿ ಮಾಡಿದ್ದರಿಂದ, ದೂರದ ಓದುಗನಿಗೆ ತಲುಪುವಾಗ ಹಾಡು ತಲೆಕೆಳಗಾಗಿತ್ತು. ಊರಿನ ಕಾಲೇಜು ಹುಡುಗಿಯೊಬ್ಬಳಿಗೆ ಸರಿಯಾದ ಸಂಭಾವನೆ ಕೊಟ್ಟು ಕೂರಿಸಿದ್ದರೆ ಇದಾಗುತ್ತಿರಲಿಲ್ಲ. ಹಾಡುವವರು ಊರಿನವರು, ಅರ್ಥ ಹೇಳುವವರು ಮಾತ್ರ ಹೊರಗಿನವರು ಎಂಬ ಹಂಚಿಕೆಯಲ್ಲೇ ದೋಷವಿದೆ.

ಹಣದ ವಿಷಯವನ್ನು ಬರೆಯಲು ಕೆಲವರಿಗೆ ಸಂಕೋಚ, ನನಗಿಲ್ಲ. ಎರಡು ದಿನ ಕೆಲಸ ಬಿಟ್ಟು ಕುಳಿತ ಅಜ್ಜಿಗೆ ಸಿಕ್ಕಿದ್ದು ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ದುಡ್ಡು ಕೊಟ್ಟರೆ ಮಾಹಿತಿ ಕೆಡುತ್ತದೆ ಎಂಬ ವಾದವನ್ನು ತಂಡದವರು ಮುಂದಿಟ್ಟರು. ನೇಮದಲ್ಲಿ ದೈವದ ಕತೆಹಾಡಾದ ಪಾಡ್ದನ ಹೇಳುವವರಿಗೆ ಪಡಿ, ದಕ್ಷಿಣೆ ಕೊಡದೆ ಕಳಿಸುವ ಮನೆ ನಮ್ಮಲ್ಲಿಲ್ಲ, ಅದರಿಂದ ಪಾಡ್ದನ ಕೆಟ್ಟದ್ದೂ ಇಲ್ಲ. ಕೇರಳದಲ್ಲೇ ತಿರುವನಂತಪುರ ಜಿಲ್ಲೆಯ ಕಾಣಿ ಸಮುದಾಯದವರು ತೋರಿಸಿಕೊಟ್ಟ ಆರೋಗ್ಯಪಚ್ಚ ಗಿಡದಿಂದ ಜೀವನಿ ಎಂಬ ಔಷಧ ತಯಾರಾದಾಗ, ಪರವಾನಗಿಯ ಹಣದಲ್ಲೂ ರಾಯಧನದಲ್ಲೂ ಅರ್ಧ ಪಾಲು ಸಮುದಾಯಕ್ಕೆ ಎಂದು ಒಪ್ಪಂದವಾಗಿ, 1997ರಲ್ಲಿ ಅವರದೇ ಒಂದು ಟ್ರಸ್ಟ್ ನೋಂದಣಿಯಾಯಿತು. ಹಾಡಿಗೆ ಅಂಥ ಮಾರುಕಟ್ಟೆ ಇಲ್ಲ, ನಿಜ. ಕಳೆದ ದಿನದ ಕೂಲಿಯಂತೂ ಲೆಕ್ಕಕ್ಕೆ ಸಿಗುವಂಥದ್ದೇ.

ಜಾಲತಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮುಖಪುಟ ಇಂಗ್ಲಿಷಿನಲ್ಲಿದೆ, ಕನ್ನಡ ಎಂಬ ಗುಂಡಿ ಒತ್ತಿದರೆ ಶೀರ್ಷಿಕೆಗಳು ಮಾತ್ರ ಬದಲಾಗುತ್ತವೆ. ನಮ್ಮ ಇಳಿಜಾರಿನ ಮನೆಗಳಲ್ಲಿ ನೆಟ್‌ವರ್ಕ್ ಸಿಗುವುದು ಕಷ್ಟ. ಮನೆಗೆ ಕೊಡುತ್ತೇವೆಂದ ಪ್ರತಿಯನ್ನು ಕೇಳಿ ಕೇಳಿ ಪಡೆಯಬೇಕಾಯಿತು.

ಹೆಚ್ಚು ಗಂಭೀರವಾದದ್ದು ಇನ್ನೊಂದು ಮನೆಯ ಪ್ರಸಂಗ. ಹಿರಿಯರೊಬ್ಬರು ಗೇಣಿ ಕಾಲದ ನೆನಪುಗಳನ್ನು ಹೇಳುತ್ತ, 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ ಹೊತ್ತಿನಲ್ಲಿ ತಮ್ಮ ಊರಿನ ಒಂದು ಧಣಿಗಳ ಮನೆಯವರು ಒಕ್ಕಲನ್ನು ಹೇಗೆ ಎಬ್ಬಿಸಲು ನೋಡಿದರು ಎಂಬುದನ್ನು ಹೆಸರು ಸಹಿತ ಹೇಳಿದ್ದರು. ಅದು ಚರಿತ್ರೆಗೆ ಬೇಕಾದ ಮಾತು, ಸಂಶಯವಿಲ್ಲ. ಆದರೆ ಆ ಮನೆಯ ಮೊಮ್ಮಕ್ಕಳೂ ಈ ಹಿರಿಯರ ಮೊಮ್ಮಕ್ಕಳೂ ಈಗ ಒಂದೇ ಬಸ್ಸಿನಲ್ಲಿ ಶಾಲೆಗೆ ಹೋಗುವವರು. ಧ್ವನಿ ಜಾಲತಾಣದಲ್ಲಿ ಬಂದ ವಾರಕ್ಕೆ ಮಾತುಕತೆ ಮುರಿಯಿತು. ಹಿರಿಯರು ನನ್ನಲ್ಲಿಗೆ ಬಂದು, ನಾನು ಹೇಳಿದ್ದು ಸುಳ್ಳಲ್ಲ ಮಾಸ್ಟ್ರೆ, ಆದರೆ ನಾನು ಹೇಳಿದ್ದು ಧ್ವನಿ ತೆಗೆಯಲು ಬಂದ ಆ ಮಕ್ಕಳಿಗೆ, ಲೋಕಕ್ಕಲ್ಲ ಎಂದರು. ಹಿಂದಕ್ಕೆ ಪಡೆಯಬೇಕೆಂದು ಕೇಳಿದೆವು. ಒಪ್ಪಿಗೆ ಪತ್ರದಲ್ಲಿ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು ಎಂದು ಬರೆದಿತ್ತು; ಯಾರಿಗೆ ಬರೆಯಬೇಕು, ಎಷ್ಟು ದಿನದಲ್ಲಿ ಆಗುತ್ತದೆ ಎಂಬುದು ಇರಲಿಲ್ಲ. ತೆಗೆಯಲು ಏಳು ವಾರ ಹಿಡಿಯಿತು. ಅಷ್ಟರಲ್ಲಿ ಯಾರೋ ಇಳಿಸಿಕೊಂಡ ಪ್ರತಿ ವಾಟ್ಸಾಪಿನಲ್ಲಿ ಸುತ್ತಿ ಮುಗಿದಿತ್ತು. ಮಾತನಾಡಿದವರು ಒಪ್ಪಿದರೆ ಸಾಲದು, ಆ ಮಾತಿನಲ್ಲಿ ಬರುವ ಮನೆಗಳ ಮಾನವನ್ನೂ ಯೋಚಿಸಬೇಕು ಎಂಬುದು ಒಂದೇ ಊರಿನಲ್ಲಿ ಬದುಕಿ ಸಾಯಬೇಕಾದವರಿಗೆ ತಿಳಿಯುತ್ತದೆ, ಎರಡು ವರ್ಷದ ಯೋಜನೆಗೆ ಬಂದವರಿಗೆ ತಿಳಿಯುವುದು ತಡ. ಆ ಎರಡು ಮನೆಗಳ ನಡುವೆ ಮಾತು ಇನ್ನೂ ಪೂರ್ತಿ ಸರಿಯಾಗಿಲ್ಲ.

ಇಷ್ಟನ್ನೆಲ್ಲ ನಾನು ಕನ್ನಡದಲ್ಲಿ ಆರು ಪುಟದ ಪತ್ರವಾಗಿ ಬರೆದು, ಹನ್ನೊಂದು ಮನೆಯವರಲ್ಲಿ ಒಂಬತ್ತು ಮನೆಯವರ ಸಹಿಯೊಂದಿಗೆ ಸಂಸ್ಥೆಗೆ ಕಳಿಸಿದೆ. ಒಂದೂವರೆ ತಿಂಗಳ ನಂತರ ಮುಖ್ಯಸ್ಥರು ಅದೇ ವಿದ್ಯಾರ್ಥಿನಿಯೊಂದಿಗೆ ಬಂದು, ಶಾಲೆಯ ಬೆಂಚಿನ ಮೇಲೆ ನಮ್ಮೆದುರು ಕುಳಿತು, ಪತ್ರದ ಒಂದೊಂದು ಮಾತಿಗೂ ಉತ್ತರ ಕೊಟ್ಟರು. ಸಮರ್ಥಿಸಿಕೊಳ್ಳಬಹುದಾಗಿದ್ದ ಕಡೆಯೂ ಸಮರ್ಥಿಸಿಕೊಳ್ಳಲಿಲ್ಲ. ಅಪ್ಪೆ, ಅಮ್ಮೆಗಳನ್ನು ತಿದ್ದಲು ಪೆರ್ಲದ ಇಬ್ಬರು ಯುವತಿಯರನ್ನು ಸಂಭಾವನೆಯ ಮೇಲೆ ನೇಮಿಸಿಕೊಂಡರು. ಅವರ ಹೆಸರು ಈಗ ಅನುವಾದಕರ ಸಾಲಿನಲ್ಲಿದೆ. ಊರಿನ ಗ್ರಂಥಾಲಯಕ್ಕೆ ಎಲ್ಲ ಧ್ವನಿಮುದ್ರಣಗಳ ಒಂದು ಹಾರ್ಡ್‌ಡಿಸ್ಕ್ ಬಂದಿದೆ. ಕೂಲಿಯ ವಿಷಯಕ್ಕೆ ಮಾತ್ರ, ನಿಯಮದಲ್ಲಿ ಅವಕಾಶವಿಲ್ಲ ಎಂಬ ಹಳೆಯ ಉತ್ತರವೇ ಉಳಿದಿದೆ, ಅದನ್ನು ನಾನು ಒಪ್ಪಿಲ್ಲ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಧ್ವನಿಮುದ್ರಣಕ್ಕಾಗಿ ಎರಡು, ದೂರನ್ನು ಎದುರು ಕುಳಿತು ಕೇಳಿದ್ದಕ್ಕಾಗಿ ಒಂದು. ಮನೆಯಲ್ಲಿ ಹಾಡುವ, ಕತೆ ಹೇಳುವ ಹಿರಿಯರಿದ್ದರೆ ಇಂಥ ತಂಡವನ್ನು ಕರೆಸಿ. ಆ ದನಿ ಉಳಿಯಬೇಕು. ಆದರೆ ಪತ್ರ ಕನ್ನಡದಲ್ಲಿ ಬರುವ ವರೆಗೆ ಹೆಬ್ಬೆಟ್ಟು ಒತ್ತಿಸಬೇಡಿ. ಬರಹಕ್ಕೆ ಇಳಿಸಿದ್ದನ್ನು ಜಾಲತಾಣಕ್ಕೆ ಹೋಗುವ ಮೊದಲು ಮನೆಯಲ್ಲಿ ಓದಿ ಹೇಳಬೇಕೆಂದು ಕೇಳಿ. ಗೇಣಿ, ಕೋರ್ಟು, ಜಾತಿ, ಮದುವೆ ಮುರಿದದ್ದು ಇಂಥ ಮಾತು ಬಂದರೆ ಅದನ್ನು ಮುಚ್ಚಿದ ಸಂಗ್ರಹದಲ್ಲಿ ಇಡಿಸಿ.

ಕಳೆದ ತಿಂಗಳು ವಿದ್ಯಾರ್ಥಿನಿ ಮತ್ತೆ ಬಂದಿದ್ದಳು. ಈ ಸಲ ಕಾಗದವಿರಲಿಲ್ಲ. ಎಲೆ ಅಡಿಕೆ ಇಟ್ಟ ಹರಿವಾಣವನ್ನು ಅಜ್ಜಿಯ ಮುಂದೆ ಇಟ್ಟು, ಯಂತ್ರವನ್ನು ಚಾಲೂ ಮಾಡಿ, ಈ ಎರಡು ವರ್ಷಗಳಲ್ಲಿ ತಾನು ಕಲಿತ ತುಳುವಿನಲ್ಲಿ ಒಂದೊಂದಾಗಿ ಆರು ಪ್ರಶ್ನೆಗಳನ್ನು ಕೇಳಿದಳು. ನಿಮ್ಮ ಹೆಸರು ಹಾಕಬಹುದೇ, ಊರಿನ ಹೆಸರು ಹಾಕಬಹುದೇ, ಶಾಲೆಯ ಮಕ್ಕಳಿಗೆ ಕೇಳಿಸಬಹುದೇ, ಬೇರೆ ವಿದ್ವಾಂಸರಿಗೆ ಕೊಡಬಹುದೇ, ನಿಮ್ಮ ಕಾಲದ ನಂತರ ಮೊಮ್ಮಗಳು ತೀರ್ಮಾನಿಸಬಹುದೇ ಎಂಬ ಐದಕ್ಕೂ ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಆವು ಎಂದರು, ಆಗಬಹುದು ಎಂದು. ದೈವದ ಸಂಧಿಯನ್ನು ಯೂಟ್ಯೂಬಿಗೆ ಹಾಕಬಹುದೇ ಎಂದಾಗ ಕೈ ನಿಲ್ಲಿಸಿ, ತಲೆಯೆತ್ತಿ, "ಆವಂದ್" ಎಂದರು, ಆಗದು ಎಂದು. ಗ್ರಂಥಾಲಯದ ಹಾರ್ಡ್‌ಡಿಸ್ಕಿನಲ್ಲಿ ಈಗ ಅವರ ಹೆಸರಿನ ಕಡತವನ್ನು ತೆರೆದರೆ ಹಾಡಿಗಿಂತ ಮೊದಲು ಕೇಳಿಸುವುದು ಆ ಆರು ಉತ್ತರಗಳು.